ಸೈಕಲ್ ಸವಾರನ ಆಯುಷ್ಯ: ದೇಹ ಸೋಲದು, ದಾರಿ ಸೋಲಿಸುತ್ತದೆ

ದೊಡ್ಡಬಳ್ಳಾಪುರ ದಾಟಿ, ಮಾಕಳಿದುರ್ಗದ ಬೆಟ್ಟವನ್ನು ಬಳಸಿಕೊಂಡು ಗೌರಿಬಿದನೂರಿನತ್ತ ಸಾಗುವ ರಸ್ತೆಯಲ್ಲಿ ತೊಂಡೇಬಾವಿ ಒಂದು ಹೋಬಳಿ ಕೇಂದ್ರ. ಊರಿಗೊಂದು ರೈಲು ನಿಲ್ದಾಣ, ಸಮೀಪದಲ್ಲೇ ಎಸಿಸಿ ಸಿಮೆಂಟ್ ಘಟಕ, ಸುತ್ತ ರಾಗಿ ಮತ್ತು ಮುಸುಕಿನ ಜೋಳದ ಹೊಲಗಳು. ರಜಾ ದಿನಗಳ ಬೆಳಗಿನ ಹೊತ್ತು ಈ ರಸ್ತೆಯಲ್ಲಿ ಎರಡು ಬಗೆಯ ಸೈಕಲ್‌ಗಳು ಕಾಣಸಿಗುತ್ತವೆ. ಒಂದು, ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಟ ರೈತನದು. ಮತ್ತೊಂದು, ಕತ್ತಲಿರುವಾಗಲೇ ಬೆಂಗಳೂರು ಬಿಟ್ಟು, ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಮಧ್ಯಾಹ್ನದೊಳಗೆ ಮುಗಿಸಿ ಮನೆ ಸೇರುವ ಸಂಕಲ್ಪ ತೊಟ್ಟ ನಗರವಾಸಿಗಳದು. ಎರಡನ್ನೂ ಸರಕು ಲಾರಿಗಳು ಒಂದೇ ಸಮನೆ ರಸ್ತೆಯ ಅಂಚಿಗೆ ತಳ್ಳುತ್ತವೆ.

ನಗರದಿಂದ ಬರುವ ಈ ಸವಾರರಲ್ಲಿ ನಲವತ್ತು, ಐವತ್ತು ದಾಟಿದವರೂ ಇರುತ್ತಾರೆ. ಇವರಾರೂ ವೃತ್ತಿಪರ ಕ್ರೀಡಾಪಟುಗಳಲ್ಲ. ಸೈಕಲ್ ತುಳಿಯುವುದನ್ನೇ ಬದುಕಾಗಿಸಿಕೊಳ್ಳಲು ಹೊರಟವರು ರಾಜ್ಯದ ಇನ್ನೊಂದು ತುದಿಯಲ್ಲಿದ್ದಾರೆ: ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಲ್ಲಿ. ವಿಪರ್ಯಾಸವೆಂದರೆ, ಹವ್ಯಾಸಿಗಳು ಐವತ್ತರಲ್ಲೂ ರಸ್ತೆಯಲ್ಲಿದ್ದರೆ, ಪದಕ ಗೆದ್ದ ಈ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರ ಹೆಸರು ಇಪ್ಪತ್ತೈದರ ಆಸುಪಾಸಿನಲ್ಲೇ ಫಲಿತಾಂಶ ಪಟ್ಟಿಯಿಂದ ಮರೆಯಾಗುತ್ತದೆ. ದೇಹ ದಣಿದು ಹೀಗಾಗುತ್ತಿದೆಯೇ? ವೈದ್ಯಕೀಯ ಅಧ್ಯಯನಗಳು ಇದಕ್ಕೆ ವ್ಯತಿರಿಕ್ತವಾದುದನ್ನೇ ಹೇಳುತ್ತವೆ.

ಟೂರ್ ಡಿ ಫ್ರಾನ್ಸ್ ಸವಾರರ ಲೆಕ್ಕ

ದೂರದ ರಸ್ತೆ ಸೈಕ್ಲಿಂಗ್‌ನಷ್ಟು ಕಠಿಣವಾದ ವೃತ್ತಿಪರ ಕ್ರೀಡೆಗಳು ವಿರಳ. ಟೂರ್ ಡಿ ಫ್ರಾನ್ಸ್‌ನಲ್ಲಿ ಸವಾರರು 21 ಹಂತಗಳಲ್ಲಿ ಸುಮಾರು 3,400 ಕಿ.ಮೀ. ಕ್ರಮಿಸುತ್ತಾರೆ. ನಡುವೆ ಸಿಗುವುದು ಎರಡೇ ದಿನಗಳ ವಿಶ್ರಾಂತಿ. ಆಲ್ಪ್ಸ್ ಮತ್ತು ಪಿರನೀಸ್ ಪರ್ವತಗಳ ಏರುದಾರಿಗಳನ್ನು ಹತ್ತಬೇಕು, ಇಳಿಜಾರಿನಲ್ಲಿ ಪ್ರಾಣ ಒತ್ತೆಯಿಟ್ಟು ಇಳಿಯಬೇಕು. ದೇಹವನ್ನು ಹೀಗೆ ಹಿಂಡುವವರು ಬೇಗ ಸವೆಯುತ್ತಾರೆ ಎಂಬ ಶಂಕೆ ಬಹುಕಾಲದಿಂದಲೂ ಇತ್ತು.

ಆ ಶಂಕೆಗೆ 2011ರಲ್ಲಿ ಒಂದು ಉತ್ತರ ದೊರೆಯಿತು. 1930ರಿಂದ 1964ರವರೆಗೆ ಟೂರ್‌ನಲ್ಲಿ ಭಾಗವಹಿಸಿದ ಫ್ರಾನ್ಸ್, ಇಟಲಿ ಮತ್ತು ಬೆಲ್ಜಿಯಂನ 834 ಸವಾರರ ಜನನ-ಮರಣಗಳನ್ನು ಸಂಶೋಧಕರು ಆಯಾ ದೇಶಗಳ ಜನಸಾಮಾನ್ಯರೊಡನೆ ಹೋಲಿಸಿ ನೋಡಿದರು. ಸಾಮಾನ್ಯ ಜನರಲ್ಲಿ ಅರ್ಧದಷ್ಟು ಮಂದಿ 73.5 ವರ್ಷದ ಹೊತ್ತಿಗೆ ತೀರಿಕೊಂಡಿದ್ದರೆ, ಸವಾರರಲ್ಲಿ ಆ ಗಡಿ 81.5 ವರ್ಷಕ್ಕೆ ಸರಿದಿತ್ತು. ಎಂಟು ವರ್ಷಗಳ ಈ ಅಂತರ ಅಲ್ಪವಾದುದಲ್ಲ.

2013ರಲ್ಲಿ ಫ್ರಾನ್ಸಿನ ವೈದ್ಯರ ತಂಡವೊಂದು ಮತ್ತಷ್ಟು ಆಳಕ್ಕೆ ಹೋಯಿತು. 1947ರಿಂದ 2012ರವರೆಗೆ ಒಮ್ಮೆಯಾದರೂ ಟೂರ್‌ನಲ್ಲಿ ಓಡಿದ 786 ಫ್ರೆಂಚ್ ಸವಾರರ ಪೈಕಿ ಆ ವೇಳೆಗೆ 208 ಮಂದಿ ಮೃತರಾಗಿದ್ದರು. ಅದೇ ವಯೋಮಾನದ ಫ್ರೆಂಚ್ ಪುರುಷರಿಗೆ ಹೋಲಿಸಿದರೆ ಅವರಲ್ಲಿ ಸಾವಿನ ಪ್ರಮಾಣ ಶೇ 41ರಷ್ಟು ಕಡಿಮೆ. ಹೃದ್ರೋಗದ ಸಾವು ಕಡಿಮೆ, ಕ್ಯಾನ್ಸರ್ ಸಾವೂ ಕಡಿಮೆ. ಆದರೆ ಅಪಘಾತವೂ ಸೇರಿದಂತೆ ಬಾಹ್ಯ ಕಾರಣಗಳ ಸಾವಿನಲ್ಲಿ ಮಾತ್ರ ಸವಾರರಿಗೆ ಯಾವ ವಿನಾಯಿತಿಯೂ ಸಿಕ್ಕಿರಲಿಲ್ಲ. ಈ ಒಂದು ಅಂಶವನ್ನು ನೆನಪಿನಲ್ಲಿಡುವುದು ಒಳಿತು. ತೊಂಡೇಬಾವಿಯ ರಸ್ತೆಗೆ ಮರಳುವಾಗ ಇದೇ ಮುಖ್ಯವಾಗುತ್ತದೆ.

ಈ ಅಂಕಿಅಂಶಗಳಿಗೂ ಮಿತಿಯಿದೆ. ಟೂರ್‌ವರೆಗೆ ತಲುಪುವವನು ಹುಟ್ಟಿನಿಂದಲೇ ಬಲವಾದ ಹೃದಯ, ಶ್ವಾಸಕೋಶ ಪಡೆದವನಿರಬಹುದು. ಧೂಮಪಾನದಿಂದ ದೂರವಿದ್ದಿರಬಹುದು. ಹೀಗಾಗಿ ಸೈಕಲ್ ತುಳಿದದ್ದರಿಂದಲೇ ಆಯುಷ್ಯ ಹೆಚ್ಚಿತೆಂದು ಖಚಿತವಾಗಿ ಹೇಳಲು ಬರುವುದಿಲ್ಲ. ಈ ಕ್ರೀಡೆಯನ್ನು ದೀರ್ಘಕಾಲ ಕಾಡಿದ ಉದ್ದೀಪನ ಮದ್ದಿನ ಪಿಡುಗನ್ನೂ ಇಂಥ ಸರಾಸರಿಗಳು ಮುಚ್ಚಿಹಾಕಲಾರವು. 1967ರಲ್ಲಿ ಮಾಂಟ್ ವೆಂಟು ಬೆಟ್ಟದ ಸುಡುಬಿಸಿಲಿನಲ್ಲಿ ಆಂಫೆಟಮಿನ್ ಸೇವಿಸಿ ಏರುತ್ತಿದ್ದ ಬ್ರಿಟನ್ನಿನ ಟಾಮ್ ಸಿಂಪ್ಸನ್ ರಸ್ತೆಯಲ್ಲೇ ಕುಸಿದು ಪ್ರಾಣ ಬಿಟ್ಟಾಗ ಅವರ ವಯಸ್ಸು 29. ಇಷ್ಟಾದರೂ, ಅತಿ ದೂರದ ಸವಾರಿ ಮನುಷ್ಯನ ಆಯುಷ್ಯವನ್ನು ಕುಗ್ಗಿಸುತ್ತದೆ ಎಂಬ ಹಳೆಯ ನಂಬಿಕೆಗೆ ಈ ಅಧ್ಯಯನಗಳಲ್ಲಿ ಆಧಾರ ಸಿಗುವುದಿಲ್ಲ. 1950ರ ಟೂರ್ ಗೆದ್ದ ಸ್ವಿಟ್ಜರ್ಲೆಂಡಿನ ಫರ್ಡಿ ಕ್ಯೂಬ್ಲರ್ 97 ವರ್ಷ ಬಾಳಿದರು. 1959ರ ವಿಜೇತ, ಸ್ಪೇನಿನ ಫೆಡೆರಿಕೊ ಬಹಾಮೊಂಟೆಸ್ 2023ರಲ್ಲಿ ತೀರಿಕೊಂಡಾಗ ಅವರಿಗೆ 95.

ಮುಪ್ಪು ತಡವಾಗಿ ಬರುವ ಬಗೆ

ಬದುಕಿನ ಆಯುಷ್ಯದಂತೆ ಕ್ರೀಡಾ ಆಯುಷ್ಯವೂ ಈ ಕ್ಷೇತ್ರದಲ್ಲಿ ದೀರ್ಘ. ನೆದರ್ಲೆಂಡ್ಸ್‌ನ ಯೂಪ್ ಜೂಟೆಮೆಲ್ಕ್ 16 ಬಾರಿ ಟೂರ್ ಆರಂಭಿಸಿ ಹದಿನಾರನ್ನೂ ಮುಗಿಸಿದರು. 1985ರಲ್ಲಿ ವಿಶ್ವ ಚಾಂಪಿಯನ್ ಆದಾಗ ಅವರಿಗೆ 38 ವರ್ಷ. ಸ್ಪೇನಿನ ಅಲೆಹಾಂಡ್ರೊ ವಾಲ್ವೆರ್ಡೆ ಕೂಡ 2018ರಲ್ಲಿ ಅದೇ 38ನೇ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕೇರಿ, 42ರವರೆಗೆ ಓಡಿದರು. ನಡುವೆ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಅವರು ನಿಷೇಧಕ್ಕೆ ಒಳಗಾಗಿದ್ದರು ಎಂಬುದನ್ನೂ ಹೇಳಬೇಕು. ಅಮೆರಿಕದ ಕ್ರಿಸ್ ಹಾರ್ನರ್ 2013ರಲ್ಲಿ ಮೂರು ವಾರಗಳ ಸ್ಪೇನ್ ಪ್ರವಾಸ ಸ್ಪರ್ಧೆಯನ್ನು ಗೆದ್ದಾಗ 42 ತುಂಬಲು ಕೆಲವೇ ವಾರಗಳಿದ್ದವು. ಕಬಡ್ಡಿಯಲ್ಲೋ ಫುಟ್‌ಬಾಲ್‌ನಲ್ಲೋ ಈ ವಯಸ್ಸಿನಲ್ಲಿ ಇಂಥ ಸಾಧನೆ ಊಹೆಗೂ ಕಷ್ಟ.

ಕಾರಣ ದೇಹದ ರಚನೆಯಲ್ಲೇ ಇದೆ. ಹಠಾತ್ ವೇಗ, ಜಿಗಿತ, ಸ್ಫೋಟಕ ಬಲ ಮೂವತ್ತರ ನಂತರ ಬೇಗ ಇಳಿಮುಖವಾಗುತ್ತವೆ. ದಮ್ಮು ಅಷ್ಟು ಬೇಗ ಕೈಬಿಡುವುದಿಲ್ಲ. ದೇಹ ಒಂದು ನಿಮಿಷದಲ್ಲಿ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ, ವ್ಯಾಯಾಮವಿಲ್ಲದವರಲ್ಲಿ ದಶಕಕ್ಕೆ ಸುಮಾರು ಶೇ 10ರಷ್ಟು ಕುಗ್ಗುತ್ತದೆ. ಕಠಿಣ ಅಭ್ಯಾಸವನ್ನು ಬಿಡದೆ ಮುಂದುವರಿಸಿದವರಲ್ಲಿ ಈ ಇಳಿತ ಗಣನೀಯವಾಗಿ ನಿಧಾನ. ಅದರ ಜೊತೆಗೆ, ಅಷ್ಟೇ ಶಕ್ತಿಯಲ್ಲಿ ಹೆಚ್ಚು ದೂರ ಹೋಗುವ ಮಿತವ್ಯಯ, ಯಾವಾಗ ಉಣ್ಣಬೇಕು, ಯಾರ ಬೆನ್ನ ಹಿಂದೆ ಗಾಳಿ ಮರೆಸಿಕೊಳ್ಳಬೇಕು ಎಂಬ ಲೆಕ್ಕಾಚಾರ ವರ್ಷ ಕಳೆದಂತೆ ಪಕ್ವವಾಗುತ್ತವೆ. ಓಟಗಾರನ ಮಂಡಿ ಪ್ರತಿ ಹೆಜ್ಜೆಗೂ ನೆಲದ ಪೆಟ್ಟು ತಿನ್ನುತ್ತದೆ. ಸೈಕಲ್ ಸವಾರನ ದೇಹಭಾರವನ್ನು ಸೀಟು ಹೊರುತ್ತದೆ. ಸವೆತ ಕಡಿಮೆಯಾಗಲು ಇದೂ ಕಾರಣ.

ಇದರ ಪರಾಕಾಷ್ಠೆ ಫ್ರಾನ್ಸಿನ ರೋಬೆರ್ ಮಾರ್ಶಾಂ. 1911ರಲ್ಲಿ ಹುಟ್ಟಿದ ಇವರು ವೃತ್ತಿಪರರಾಗಿರಲಿಲ್ಲ. 2012ರಲ್ಲಿ, ನೂರು ದಾಟಿದ ಮೇಲೆ, ಒಂದು ಗಂಟೆಯಲ್ಲಿ 24.25 ಕಿ.ಮೀ. ಕ್ರಮಿಸಿದರು. ಎರಡು ವರ್ಷಗಳ ತರುವಾಯ ಅದನ್ನು 26.927 ಕಿ.ಮೀ.ಗೆ ಏರಿಸಿದರು. ಈ ಅವಧಿಯಲ್ಲಿ ಅವರ ಆಮ್ಲಜನಕ ಬಳಕೆಯ ಸಾಮರ್ಥ್ಯ ಶೇ 13ರಷ್ಟು ಹೆಚ್ಚಿತ್ತೆಂದು ಅವರನ್ನು ಪರೀಕ್ಷಿಸುತ್ತಿದ್ದ ವಿಜ್ಞಾನಿಗಳು ದಾಖಲಿಸಿದರು. 2021ರಲ್ಲಿ 109ನೇ ವಯಸ್ಸಿನಲ್ಲಿ ಅವರು ನಿಧನರಾದರು. ಒಬ್ಬನ ಉದಾಹರಣೆ ಎಲ್ಲರಿಗೂ ನಿಯಮವಾಗದು. ಆದರೆ ಅಭ್ಯಾಸಕ್ಕೆ ದೇಹ ಸ್ಪಂದಿಸುವುದನ್ನು ನಿಲ್ಲಿಸುವ ವಯಸ್ಸು ಇಂಥದ್ದೇ ಎಂದು ಗೆರೆ ಎಳೆಯುವುದು ಎಷ್ಟು ಕಷ್ಟ ಎಂಬುದನ್ನಂತೂ ಅದು ತೋರಿಸುತ್ತದೆ.

ಎಚ್ಚರಿಕೆಯ ಮಾತು

ದೇಹ ಬಾಳುತ್ತದೆ ಎಂದ ಮಾತ್ರಕ್ಕೆ ಬೆಲೆ ತೆರುವುದಿಲ್ಲ ಎಂದಲ್ಲ. ಸ್ವಿಟ್ಜರ್ಲೆಂಡಿನಲ್ಲಿ 62 ಮಂದಿ ಮಾಜಿ ವೃತ್ತಿಪರ ಸವಾರರನ್ನು ಅಷ್ಟೇ ಸಂಖ್ಯೆಯ ಗಾಲ್ಫ್ ಆಟಗಾರರೊಡನೆ ಹೋಲಿಸಿದ, 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸವಾರರ ಹೃದಯಬಡಿತದ ಲಯದಲ್ಲಿ ಏರುಪೇರು ಹೆಚ್ಚೆಂದು ಕಂಡುಕೊಂಡಿತು. ವರ್ಷಗಟ್ಟಲೆ ಹಿಗ್ಗಿ ದುಡಿದ ಹೃದಯದ ಕೋಣೆಗಳು ಮುಪ್ಪಿನಲ್ಲಿ ತಾಳ ತಪ್ಪುವುದುಂಟು. ಐದು ಬಾರಿ ಟೂರ್ ಗೆದ್ದ ಎಡ್ಡಿ ಮರ್ಕ್ಸ್ ಅವರಿಗೇ 2013ರಲ್ಲಿ ಪೇಸ್‌ಮೇಕರ್ ಅಳವಡಿಸಬೇಕಾಯಿತು. 2021ರ ಪ್ಯಾರಿಸ್-ರೂಬೆ ವಿಜೇತ, ಇಟಲಿಯ ಸೊನ್ನಿ ಕೊಲ್ಬ್ರೆಲ್ಲಿ 2022ರ ಮಾರ್ಚ್‌ನಲ್ಲಿ ಸ್ಪೇನಿನ ರೇಸೊಂದರ ಗುರಿ ದಾಟಿದ ಕೂಡಲೇ ಹೃದಯಸ್ತಂಭನಕ್ಕೆ ಒಳಗಾದರು. ಸ್ಥಳದಲ್ಲೇ ಚಿಕಿತ್ಸೆ ದೊರೆತು ಜೀವ ಉಳಿಯಿತಾದರೂ ವೃತ್ತಿ ಅಲ್ಲಿಗೆ ಮುಗಿಯಿತು.

ಮೂಳೆಯ ಸಮಸ್ಯೆ ಇನ್ನೊಂದು. ಸೀಟು ಭಾರ ಹೊರುವುದರಿಂದ ಮಂಡಿಗೆ ಲಾಭವಾದರೂ ಮೂಳೆ ಗಟ್ಟಿಯಾಗಲು ಬೇಕಾದ ಹೊರೆ ಸಿಗುವುದಿಲ್ಲ. ಸೈಕಲ್ ಒಂದನ್ನೇ ನೆಚ್ಚಿಕೊಂಡ ಸವಾರರಲ್ಲಿ ಬೆನ್ನುಮೂಳೆಯ ಸಾಂದ್ರತೆ ಕಡಿಮೆಯಿರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ನಲವತ್ತರ ಬಳಿಕ ದೂರದ ಸವಾರಿಗೆ ಇಳಿಯುವ ನಗರದ ಉದ್ಯೋಗಸ್ಥರು ಗಮನಿಸಬೇಕಾದ್ದು ಇದನ್ನೇ. ಹೃದಯ ತಪಾಸಣೆ ಮಾಡಿಸದೆ, ವಾರವಿಡೀ ಕುರ್ಚಿಯಲ್ಲಿದ್ದು ಭಾನುವಾರ ಒಮ್ಮೆಲೇ ನೂರೈವತ್ತು ಕಿಲೋಮೀಟರ್ ತುಳಿಯುವುದು ಟೂರ್ ಸವಾರರ ಆಯುಷ್ಯಕ್ಕೆ ಹತ್ತಿರದ ದಾರಿಯಲ್ಲ. ಅವರ ಬಾಳಿಕೆಯ ಹಿಂದೆ ಹತ್ತಾರು ವರ್ಷಗಳ ನಿರಂತರ, ಕ್ರಮಬದ್ಧ ಅಭ್ಯಾಸವಿದೆ.

ವಿಜಯಪುರದ ಹುಡುಗರು ಎಲ್ಲಿ ನಿಲ್ಲುತ್ತಾರೆ?

ಈಗ ಕರ್ನಾಟಕದ ಮಾತು. ವಿಜಯಪುರ ಸೀಮೆಯನ್ನು ರಾಜ್ಯದ ಸೈಕ್ಲಿಂಗ್ ತವರು ಎಂದು ಕರೆಯುವುದು ವಾಡಿಕೆ. ಎರೆಮಣ್ಣಿನ ಬಯಲು, ಮೈಲಿಗಟ್ಟಲೆ ನೇರ ರಸ್ತೆ, ಎದುರುಗಾಳಿ, ಬಿಸಿಲು ಇವೆಲ್ಲ ಸೇರಿ ಅಲ್ಲಿನ ಮಕ್ಕಳಲ್ಲಿ ಸಹನೆಯನ್ನು ತಾನಾಗಿ ಬೆಳೆಸುತ್ತವೆ. ರಾಜ್ಯ ಸರ್ಕಾರದ ಕ್ರೀಡಾ ವಸತಿನಿಲಯಗಳು, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆಯಂಥ ಸಂಸ್ಥೆಗಳು ಅಂಥ ಮಕ್ಕಳನ್ನು ಆರಿಸಿ ತರಬೇತಿ ಕೊಡುತ್ತ ಬಂದಿವೆ. ಕಿರಿಯರ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕರ್ನಾಟಕದ ಪದಕಗಳ ಹಿಂದೆ ಬಹುಪಾಲು ಈ ಜಿಲ್ಲೆಗಳ ರೈತ, ಕೂಲಿ ಕುಟುಂಬಗಳ ಮಕ್ಕಳಿದ್ದಾರೆ.

ತೊಡಕು ಶುರುವಾಗುವುದು ಆ ಬಳಿಕ. ವಸತಿನಿಲಯದ ಆಸರೆ ಓದು ಮುಗಿಯುವವರೆಗೆ ಮಾತ್ರ. ಉತ್ತಮ ದರ್ಜೆಯ ರೇಸಿಂಗ್ ಸೈಕಲ್ಲಿನ ಬೆಲೆ ಲಕ್ಷಗಳಲ್ಲಿದೆ. ಟೈರು, ಸರಪಣಿ, ಆಹಾರ, ಪ್ರಯಾಣದ ಖರ್ಚು ಬೇರೆ. ಸಂಬಳ ಕೊಟ್ಟು ಸವಾರರನ್ನು ಇಟ್ಟುಕೊಳ್ಳುವ ವೃತ್ತಿಪರ ರಸ್ತೆ ತಂಡಗಳ ಪರಂಪರೆ ನಮ್ಮಲ್ಲಿ ಬೆಳೆಯಲೇ ಇಲ್ಲ. ಭಾರತದಲ್ಲಿ ಸೈಕ್ಲಿಂಗ್ ವೃತ್ತಿ ಎಂದರೆ ರೈಲ್ವೆ, ಸೇನೆ ಅಥವಾ ಪೊಲೀಸ್ ಇಲಾಖೆಯಲ್ಲಿ ಕ್ರೀಡಾ ಕೋಟಾದ ನೌಕರಿ ಎಂದೇ ಅರ್ಥ. ರಾಷ್ಟ್ರೀಯ ರಸ್ತೆ ಚಾಂಪಿಯನ್‌ಷಿಪ್‌ಗಳಲ್ಲಿ ರೈಲ್ವೆ ಮತ್ತು ಸೇನಾ ತಂಡಗಳು ಮೇಲುಗೈ ಸಾಧಿಸುತ್ತ ಬಂದಿರುವುದು ಆಕಸ್ಮಿಕವಲ್ಲ. ತಿಂಗಳ ಸಂಬಳ ಇದ್ದವರು ಮಾತ್ರ ಅಲ್ಲಿಯವರೆಗೆ ಉಳಿಯಬಲ್ಲರು. ನೌಕರಿ ಸಿಕ್ಕವರಲ್ಲೂ ಅನೇಕರಿಗೆ ಕರ್ತವ್ಯ ಮತ್ತು ಅಭ್ಯಾಸ ಎರಡನ್ನೂ ಸರಿತೂಗಿಸುವುದು ಹೊರೆಯಾಗುತ್ತದೆ. ಸಿಗದವರು ಹೊಲಕ್ಕೋ ಅಂಗಡಿಗೋ ಮರಳುತ್ತಾರೆ. ಯೂರೋಪಿನ ಸವಾರನ ದಮ್ಮು ಪಕ್ವವಾಗತೊಡಗುವ ವಯಸ್ಸಿನಲ್ಲಿ ಇಲ್ಲಿನ ಸವಾರ ಸೈಕಲ್ಲನ್ನು ಗೋಡೆಗೆ ಒರಗಿಸಿರುತ್ತಾನೆ.

ತಡವಾಗಿ ಬಂದು ಮುಂದೆ ಸಾಗಿದವರ ಉದಾಹರಣೆ ಇದಕ್ಕೆ ಪೂರಕವಾಗಿದೆ. ಬೆಂಗಳೂರಿನ ನವೀನ್ ಜಾನ್ ಯಾವ ಕ್ರೀಡಾ ಶಾಲೆಯಿಂದಲೂ ಬಂದವರಲ್ಲ. ಅಮೆರಿಕದಲ್ಲಿ ಎಂಜಿನಿಯರಿಂಗ್ ಓದುವಾಗ ಸೈಕ್ಲಿಂಗ್‌ಗೆ ಒಲಿದವರು. ತಾಯ್ನಾಡಿಗೆ ಮರಳಿದ ಮೇಲೆ ವೈಯಕ್ತಿಕ ಟೈಮ್ ಟ್ರಯಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. 2016ರಲ್ಲಿ ಆಸ್ಟ್ರೇಲಿಯಾದ ತಂಡವೊಂದನ್ನು ಸೇರಿದರು, ಅದೇ ವರ್ಷ ದೋಹಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದರು. ಸೇನಾ ವೈದ್ಯ ಶ್ರೀನಿವಾಸ್ ಗೋಕುಲನಾಥ್, ಅಮೆರಿಕ ಖಂಡವನ್ನು ಅಡ್ಡಲಾಗಿ ಸುಮಾರು 4,800 ಕಿ.ಮೀ. ದಾಟುವ ರೇಸನ್ನು 2016ರಲ್ಲಿ ಅರ್ಧಕ್ಕೇ ಕೈಬಿಡಬೇಕಾಯಿತು. ಮರುವರ್ಷ ಹನ್ನೆರಡು ದಿನಗಳ ಗಡುವಿನೊಳಗೆ ಒಂಟಿಯಾಗಿ ಮುಗಿಸಿದ ಮೊದಲ ಭಾರತೀಯರೆನಿಸಿದರು. ಇಬ್ಬರ ಹಿಂದೆಯೂ ವಿದ್ಯೆಯ ಬಲವಿತ್ತು, ಸೈಕಲ್ ಕೈಕೊಟ್ಟರೂ ಬದುಕಲು ದಾರಿಯಿತ್ತು. ವಿಜಯಪುರದ ಹಳ್ಳಿಯ ಹುಡುಗಿಗೆ ದಮ್ಮಿನ ಕೊರತೆಯಿಲ್ಲ. ಕೊರತೆಯಿರುವುದು ಆ ಆಸರೆಯದು.

ಸ್ಪರ್ಧೆಗಳ ಅಭಾವವೂ ಅಷ್ಟೇ ಗಂಭೀರ. ಹಲವು ಹಂತಗಳ ರಸ್ತೆ ರೇಸ್ ಇಲ್ಲದೆ ದೀರ್ಘ ಸವಾರಿಯ ಕ್ರೀಡಾಪಟು ರೂಪುಗೊಳ್ಳಲಾರ. 2026ರ ಜನವರಿಯಲ್ಲಿ ಪುಣೆಯಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಮಾನ್ಯತೆಯೊಂದಿಗೆ ಇಂಥ ರೇಸ್ ನಡೆದದ್ದು ಆಶಾದಾಯಕ. ಕರ್ನಾಟಕದಲ್ಲಿ 2008ರಿಂದ ನಡೆದುಬಂದ ನೀಲಗಿರಿ ಪ್ರವಾಸ ಹವ್ಯಾಸಿಗಳಲ್ಲಿ ದೂರದ ಸವಾರಿಯ ಸಂಸ್ಕೃತಿಯನ್ನು ಬೆಳೆಸಿತು. ನಂದಿಬೆಟ್ಟದ ಏರು, ಚಿಕ್ಕಬಳ್ಳಾಪುರ-ಗೌರಿಬಿದನೂರು ಭಾಗದ ಏರಿಳಿತದ ರಸ್ತೆಗಳು ರಾಜಧಾನಿಗೆ ಕೂಗಳತೆಯಲ್ಲಿವೆ. ಉತ್ತರದ ಹುಡುಗರ ದಮ್ಮು, ದಕ್ಷಿಣದ ಹವ್ಯಾಸಿಗಳ ಹಣ ಮತ್ತು ಸಂಘಟನೆ, ಈ ಎರಡೂ ಒಂದೆಡೆ ಸೇರಿದ್ದರೆ ಕಥೆ ಬೇರೆಯೇ ಆಗುತ್ತಿತ್ತು.

ಲಾರಿ ಮತ್ತು ಸೈಕಲ್

ಕೊನೆಯದಾಗಿ ರಸ್ತೆಯ ಪ್ರಶ್ನೆ. ಇಟಲಿಯ ದಾವಿದೆ ರೆಬೆಲಿನ್ 1992ರಲ್ಲಿ ವೃತ್ತಿಪರರಾಗಿ 2022ರವರೆಗೆ ಓಡಿದರು. 2008ರ ಒಲಿಂಪಿಕ್ ಪದಕವನ್ನು ಮದ್ದಿನ ಪ್ರಕರಣದಲ್ಲಿ ಕಳೆದುಕೊಂಡ ಕಳಂಕ ಅವರ ಮೇಲಿತ್ತು. ಆದರೂ 51ನೇ ವಯಸ್ಸಿನವರೆಗೆ ವೃತ್ತಿಪರರ ಸಾಲಿನಲ್ಲಿ ಉಳಿದ ಅವರ ಬಾಳಿಕೆ ಅಸಾಧಾರಣವಾದುದು. ನಿವೃತ್ತಿಯ ಬೆನ್ನಲ್ಲೇ, 2022ರ ನವೆಂಬರ್ 30ರಂದು, ಸವಾರಿಗೆ ಹೊರಟಿದ್ದ ಅವರನ್ನು ಲಾರಿಯೊಂದು ಬಲಿ ತೆಗೆದುಕೊಂಡಿತು. ಅವರದೇ ದೇಶದ ಮಿಕೆಲೆ ಸ್ಕಾರ್ಪೊನಿ 2017ರ ಏಪ್ರಿಲ್‌ನಲ್ಲಿ ಮನೆಯ ಹತ್ತಿರ ಅಭ್ಯಾಸ ಮಾಡುತ್ತಿದ್ದಾಗ ವ್ಯಾನ್ ಡಿಕ್ಕಿಯಾಗಿ 37ನೇ ವಯಸ್ಸಿನಲ್ಲಿ ಸತ್ತರು. ಕೆಲವೇ ದಿನಗಳ ಹಿಂದೆ ಅವರು ಆಲ್ಪ್ಸ್ ರೇಸಿನ ಒಂದು ಹಂತವನ್ನು ಗೆದ್ದಿದ್ದರು. ಫ್ರಾನ್ಸಿನ ವೈದ್ಯರ ಪಟ್ಟಿಯಲ್ಲಿ ಹೃದಯ ಉಳಿದು, ಅಪಘಾತ ಮಾತ್ರ ವಿನಾಯಿತಿ ಕೊಡದೆ ನಿಂತದ್ದರ ಅರ್ಥ ಇಲ್ಲಿ ತಿಳಿಯುತ್ತದೆ.

ಸೈಕಲ್ಲನ್ನು ಪೂಜಿಸುವ ಇಟಲಿಯಲ್ಲೇ ಹೀಗಾದರೆ, 2022ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಿಗೆ 1.68 ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಭಾರತದಲ್ಲಿ ಸವಾರನ ಪಾಡೇನು? ನಮ್ಮ ಹೆದ್ದಾರಿಗಳನ್ನು ಅಗಲಗೊಳಿಸುವಾಗ ಬಸ್ಸು, ಕಾರು, ಲಾರಿಗಳ ಲೆಕ್ಕ ಹಾಕಲಾಗುತ್ತದೆ. ಸೈಕಲ್ಲಿನದು ಆ ಲೆಕ್ಕದಲ್ಲಿ ಬರುವುದೇ ಅಪರೂಪ. ಡಾಂಬರಿನ ಅಂಚು ಮುರಿದು, ಪಕ್ಕದ ಮಣ್ಣು ತಗ್ಗಾಗಿ, ಇಳಿದರೆ ಬೀಳುವ, ಇಳಿಯದಿದ್ದರೆ ಲಾರಿಗೆ ಸಿಕ್ಕುವ ಸಂಕಟ ಇಂಥ ರಸ್ತೆಗಳಲ್ಲಿ ತುಳಿದವರಿಗೆಲ್ಲ ಗೊತ್ತು.

ಪರಿಹಾರಗಳು ದುಬಾರಿಯೇನಲ್ಲ. ರಸ್ತೆಯ ಬದಿಯಲ್ಲಿ ಒಂದೂವರೆ ಮೀಟರಿನಷ್ಟು ಗಟ್ಟಿ ಅಂಚು, ಉಬ್ಬುಪಟ್ಟಿಗಳ ಪಕ್ಕ ಸೈಕಲ್ ಹಾಯುವಷ್ಟು ಜಾಗ, ಕೈಗಾರಿಕಾ ಪ್ರದೇಶಗಳ ಬಳಿ ಮುಂಜಾನೆಯ ಹೊತ್ತು ಸರಕು ವಾಹನಗಳಿಗೆ ವೇಗಮಿತಿ, ಇಷ್ಟಾದರೂ ಸಾಕಷ್ಟು ಜೀವ ಉಳಿಯುತ್ತದೆ. ಇವು ಕ್ರೀಡಾಪಟುವಿಗಾಗಿ ಮಾತ್ರ ಬೇಕಾದವುಗಳಲ್ಲ. ರೇಷ್ಮೆ ಸೀಮೆಯಲ್ಲಿ ಹಿಪ್ಪುನೇರಳೆ ಸೊಪ್ಪನ್ನು ಸೈಕಲ್ಲಿಗೆ ಹೇರಿಕೊಂಡು ಬರುವ ವೃದ್ಧನಿಗೂ, ಶಾಲೆಗೆ ಹೋಗುವ ಹುಡುಗಿಗೂ ಬೇಕು. 2006-07ರಲ್ಲಿ ಆರಂಭಗೊಂಡು ಕೋವಿಡ್ ಬಂದ ಮೇಲೆ ನಿಂತ ಉಚಿತ ಸೈಕಲ್ ಯೋಜನೆ ರಾಜ್ಯದ ಎಂಟನೇ ತರಗತಿಯ ಲಕ್ಷಾಂತರ ಮಕ್ಕಳಿಗೆ ಸೈಕಲ್ ಕೊಟ್ಟಿತು. ಅದನ್ನು ನಿರ್ಭಯವಾಗಿ ತುಳಿಯುವ ರಸ್ತೆಯನ್ನು ಯಾವ ಯೋಜನೆಯೂ ಕೊಡಲಿಲ್ಲ.

ದೂರದ ಸವಾರನ ದೇಹ ನಲವತ್ತರವರೆಗೆ ಗೆಲ್ಲಬಲ್ಲದು, ತೊಂಬತ್ತರವರೆಗೆ ಬಾಳಬಲ್ಲದು ಎಂಬುದಕ್ಕೆ ಸಾಕಷ್ಟು ಪುರಾವೆ ಸಿಕ್ಕಿದೆ. ಕರ್ನಾಟಕದ ಸವಾರ ಇಪ್ಪತ್ತೈದಕ್ಕೇ ನಿಲ್ಲುತ್ತಿದ್ದರೆ ದೋಷವನ್ನು ಅವನ ಎದೆಗೂಡಿನಲ್ಲಿ ಹುಡುಕಿ ಫಲವಿಲ್ಲ. ಕ್ರೀಡಾ ಇಲಾಖೆಗೆ ವಸತಿನಿಲಯದ ಬಾಗಿಲಿನಾಚೆಗೂ ಹೊಣೆಯಿದೆ, ಲೋಕೋಪಯೋಗಿ ಇಲಾಖೆಗೆ ಡಾಂಬರಿನ ಅಂಚಿನಾಚೆಗೂ ಹೊಣೆಯಿದೆ. ಇವೆರಡೂ ನೆರವೇರುವವರೆಗೆ ತೊಂಡೇಬಾವಿಯ ದಾರಿಯಲ್ಲಿ ಹಾಲಿನ ಕ್ಯಾನಿನ ಸೈಕಲ್ಲೂ ಲಕ್ಷದ ಬೆಲೆಯ ಸೈಕಲ್ಲೂ ಹಿಂದಿನಿಂದ ಬರುವ ಲಾರಿಯ ಸದ್ದಿಗೆ ಕಿವಿಗೊಟ್ಟೇ ಸಾಗಬೇಕಾಗುತ್ತದೆ.